ಹೊರದೇಶದಲ್ಲಿ ಮುರಿದ ಕೈ, ಚನ್ನಪಟ್ಟಣದ ಕೋರ್ಟು

2006ರ ಆಗಸ್ಟ್ 14, ಸೋಮವಾರ, ಬೆಳಿಗ್ಗೆ 10.45. ಆ ವರ್ಷದ ನನ್ನ ಡೈರಿಯಲ್ಲಿ ಈ ವಿಷಯ ಶುರುವಾಗುವುದು ಹೀಗೆ: "ಇಬ್ಬರು ಬಂದರು. ಗಂಡ, ಹೆಂಡತಿ. ಗಂಡನ ಬಲಗೈ ಟವೆಲಿನಲ್ಲಿ ಸುತ್ತಿದೆ. ಸೀನಿಯರ್ ಕೋರ್ಟಿನಲ್ಲಿದ್ದಾರೆ. ಕೂರಿಸಿದೆ."

ನಾನಾಗ ಚನ್ನಪಟ್ಟಣದ ಒಬ್ಬ ಹಿರಿಯ ವಕೀಲರ ಬಳಿ ಜೂನಿಯರ್. ಸನ್ನದು ಸಿಕ್ಕಿ ಹದಿನಾಲ್ಕು ತಿಂಗಳಾಗಿತ್ತು. ಡೈರಿಯ ಅಭ್ಯಾಸ ಅದಕ್ಕಿಂತ ಹಳೆಯದು. ಕುದೂರಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ಮಾಗಡಿ ಬಸ್ಸು ಯಾವ ದಿನ ಎಷ್ಟು ಗಂಟೆಗೆ ಬಂತು ಎಂದು ಬರೆದಿಡುತ್ತಿದ್ದೆ. ಒಂದು ತಿಂಗಳು ಇಪ್ಪತ್ತಾರು ದಿನದಲ್ಲಿ ಹನ್ನೊಂದು ದಿನ ಮಾತ್ರ ಹೊತ್ತಿಗೆ ಸರಿಯಾಗಿ ಬಂದಿತ್ತು. ಅದನ್ನು ಕಂಡಕ್ಟರಿಗೆ ತೋರಿಸಿ ಬೈಸಿಕೊಂಡೆ. ಅಭ್ಯಾಸ ಮಾತ್ರ ಬಿಡಲಿಲ್ಲ.

ಬಂದವರು ಪೇಟೆಯಾಚೆಯ ಗೊಂಬೆ ಕೆಲಸದವರ ಬೀದಿಯವರು. ಗಂಡ ಲೇತ್ ಮೇಲೆ ಮರ ತಿರುಗಿಸಿ ಅರಗಿನ ಬಣ್ಣ ಕೂರಿಸುವ ಕಸುಬಿನವರು. ಹೆಂಡತಿ ಗೊಂಬೆಗಳಿಗೆ ಪಾಲಿಶ್ ಹಾಕಿ ರಟ್ಟಿನ ಡಬ್ಬಿಗೆ ತುಂಬುವವರು. ಹೊರಗಿನಿಂದ ಬರುವ ಪ್ಲಾಸ್ಟಿಕ್ ಆಟಿಕೆಗಳ ಎದುರು ಮರದ ಗೊಂಬೆಗೆ ಗಿರಾಕಿ ಕಮ್ಮಿಯಾದ ವರ್ಷಗಳವು. ಬೀದಿಯಲ್ಲಿ ಕೆಲವರು ಬಿಡದಿಯ ಕಾರ್ಖಾನೆಗಳಿಗೆ ಹೋದರು, ಕೆಲವರು ಕೊಲ್ಲಿ ದೇಶಗಳಿಗೆ. ಇವರು ಕೊಲ್ಲಿಗೆ ಹೋದವರು. ಅಲ್ಲಿ ಒಂದು ಮರದ ಕಾರ್ಖಾನೆಯಲ್ಲಿ ಮಂಚದ ಕಾಲು, ಮೆಟ್ಟಿಲ ಕಂಬಿ ತಿರುಗಿಸುವ ಕೆಲಸ. ಕರೆದುಕೊಂಡು ಹೋಗಿದ್ದವನು ಪಕ್ಕದ ಬೀದಿಯವನೇ, ಅಲ್ಲಿ ಮೇಸ್ತ್ರಿ. ಎಲ್ಲರ ಪಾಸ್‌ಪೋರ್ಟೂ ಆ ಮೇಸ್ತ್ರಿಯ ಕಬ್ಬಿಣದ ಟ್ರಂಕಿನಲ್ಲಿ.

ಟವೆಲ್ ಬಿಚ್ಚಿದರು. ಬಲಗೈಯ ನಾಲ್ಕು ಬೆರಳು ಬುಡದಲ್ಲಿ ಒಂದೇ ಗೆರೆಗೆ ಉಬ್ಬಿ, ವಾರೆಯಾಗಿ ಕೂಡಿಕೊಂಡಿದ್ದವು.

"ಅಮ್ಮ ತೀರ್ಕಂಡ್ರು ಅಂತ ಫೋನ್ ಬಂತು ಮೇಡಂ. ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗಾದ್ರೂ ಊರಿಗೆ ಹೋಗ್ಬೇಕು, ಪಾಸ್‌ಪೋರ್ಟ್ ಕೊಡಣ್ಣ ಅಂತ ಮೂರು ಸಲ ಕೇಳ್ದೆ. ಮೂರನೇ ಸಲ ಟ್ರಂಕಿನ ಮೇಲೆ ಕೈ ಇಟ್ಕಂಡು, ಕೊಡೋವರ್ಗೂ ಏಳಲ್ಲ ಅಂತ ಕೂತೆ. ಕಬ್ಬಿಣದ ಪೈಪ್ ತಗಂಡು ಕೈ ಮೇಲೇ ಇಳಿಸ್ಬುಟ್ಟ."

ಆಸ್ಪತ್ರೆಯಲ್ಲಿ ಅಲ್ಲಿನ ಭಾಷೆ ಬರುತ್ತಿದ್ದದ್ದು ಮೇಸ್ತ್ರಿಗೆ ಮಾತ್ರ. ಕೈ ಯಂತ್ರಕ್ಕೆ ಸಿಕ್ಕಿತು ಎಂದು ಅವನು ಹೇಳಿದ, ಡಾಕ್ಟರು ಹಾಗೇ ಬರೆದರು. ಅಲ್ಲಿ ಕೇಸೇ ಆಗಲಿಲ್ಲ. ಇನ್ನು ಕೆಲಸಕ್ಕೆ ಬಾರದ ಕೈಯೆಂದು ಕೊನೆಗೆ ಮೇಸ್ತ್ರಿಯೇ ಪಾಸ್‌ಪೋರ್ಟ್ ಕೊಟ್ಟು ಕಳಿಸಿದ. ಇವರು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಲೇತ್‌ಗೆ ಕೈ ಕೊಟ್ಟನಂತೆ.

ಹೊರಗಿನವರಿಗೆ ಇದು ಸಣ್ಣ ಮಾತು. ಗೊಂಬೆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹೊಸದಾಗಿ ಕಲಿಯುವ ಹೆಂಗಸರಿಗೆ ಕೆಲಸ ಹೇಳಿಕೊಡಲು ಒಂದು ಕಾರ್ಖಾನೆಯವರು ಅನುಭವಸ್ಥರನ್ನು ಹುಡುಕುತ್ತಿದ್ದರು. ಇವರು ಹೋಗಿ ಕೇಳಿದಾಗ, ತನ್ನ ಕೈಯನ್ನೇ ಕಾಯ್ದುಕೊಳ್ಳಲಾಗದವನು ಇನ್ನೊಬ್ಬರ ಕೈ ಹೇಗೆ ಕಾಯುತ್ತಾನೆ ಎಂದು ವಾಪಸು ಕಳಿಸಿದ್ದರು.

"ಅವನನ್ನ ಜೈಲಿಗೆ ಹಾಕಿ ಅಂತ ನಾನು ಕೇಳ್ತಿಲ್ಲ ಮೇಡಂ. ನನ್ನ ಕೈ ಮುರಿದದ್ದು ಮಿಷಿನ್ ಅಲ್ಲ, ಮನುಷ್ಯ. ಅಷ್ಟು ಕೋರ್ಟಲ್ಲಿ ಬರೀಬೇಕು. ಹನ್ನೆರಡನೇ ವಯಸ್ಸಿಂದ ಉಳಿ ಹಿಡ್ದೋನು ನಾನು."

ಅವರ ಹೆಂಡತಿ ಒಂದು ಕಾಗದ ಮುಂದಿಟ್ಟರು. ಹೋದ ವಾರ ಠಾಣೆಗೆ ಕೊಟ್ಟ ದೂರಿನ ಪ್ರತಿ. ಅದಕ್ಕೆ ಸ್ವೀಕೃತಿ ಮಾತ್ರ ಸಿಕ್ಕಿತ್ತು, ಎಫ್‌ಐಆರ್ ಆಗಿರಲಿಲ್ಲ. ಮೇಸ್ತ್ರಿ ರಜೆಯ ಮೇಲೆ ಊರಿಗೆ ಬಂದಿದ್ದಾನೆ, ಅಕ್ಟೋಬರಿನಲ್ಲಿ ಮತ್ತೆ ವಿಮಾನ ಹತ್ತುತ್ತಾನೆ, ಅಷ್ಟರೊಳಗೆ ಏನಾದರೂ ಆಗಬೇಕು ಎಂದರು.

ಯಾವ ಕಾಗದ ಬಂದರೂ ನಾನು ಮೊದಲು ಮಾಡುವುದು ಒಂದೇ ಕೆಲಸ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ತಾರೀಖು, ಬಲಕ್ಕೆ ಜಾಗ ಬರೆಯುತ್ತೇನೆ. ದೂರಿನ ಪ್ರಕಾರ: 2006ರ ಮಾರ್ಚ್ 9, ಚನ್ನಪಟ್ಟಣ ಬಸ್ ನಿಲ್ದಾಣದ ಹಿಂಭಾಗ. ಪಾಸ್‌ಪೋರ್ಟಿನ ಮುದ್ರೆಯ ಪ್ರಕಾರ ಇವರು ಭಾರತಕ್ಕೆ ಬಂದಿಳಿದದ್ದು: 2006ರ ಮೇ 19.

"ಮಾರ್ಚಿನಲ್ಲಿ ನೀವು ಬಸ್ ನಿಲ್ದಾಣದ ಹಿಂದೆ ಇರಲೇ ಇಲ್ವಲ್ಲ?"

ಹೆಂಡತಿ ಹೇಳಿದರು: "ಬರ್ದುಕೊಟ್ಟೋರು ಹಂಗೇ ಬರೀಬೇಕು ಅಂದ್ರಮ್ಮ. ಇಲ್ದಿದ್ರೆ ತಗಳ್ಳಲ್ವಂತೆ."

ಬರೆದುಕೊಟ್ಟವರು ತಾಲ್ಲೂಕು ಕಚೇರಿ ಮುಂದಿನ ಅರ್ಜಿ ಬರಹಗಾರರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ನಕ್ಕರು.

"ಏನ್ ಲಾಯರಮ್ಮ, ನಂಗೇ ಪಾಠ ಹೇಳೋಕ್ ಬಂದ್ರಾ? ಫಾರಿನ್ನಲ್ಲಿ ಹೊಡೆದ ಅಂತ ಬರೆದ್ರೆ ಪೊಲೀಸ್ನೋರು ಏನಂತಾರೆ? ನಮ್ ಲಿಮಿಟ್ಸ್ ಹೊಂಗನೂರಿಗೇ ಮುಗೀತದೆ ಕಣಯ್ಯ, ಸಮುದ್ರದಾಚೆಗೆ ಜೀಪ್ ಹೋಗಲ್ಲ ಅಂತಾರೆ. ಅದಕ್ಕೇ ಒಸಿ ಈಚೆಗೆ ಎಳ್ಕಂಡೆ."

"ತಾರೀಖು ಮಾತ್ರ ಅದೇ ಇಟ್ಟಿದ್ದೀರಲ್ಲ?"

"ಆಸ್ಪತ್ರೆ ಚೀಟೀಲಿ ಅದೇ ಐತಲ್ಲಮ್ಮ. ಸುಳ್ಳು ತಾರೀಖು ಬರೆಯಕ್ಕಾಯ್ತದಾ?"

ನಾನು ಕೋಪ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ನಮ್ಮ ಕಡೆ ಘಟನೆಯ ಜಾಗವನ್ನು ಠಾಣೆಯ ಸರಹದ್ದಿಗೆ ತಕ್ಕಂತೆ ಸರಿಸಿ ಬರೆಯುವುದನ್ನು ಯಾರೂ ಸುಳ್ಳು ಎಂದುಕೊಳ್ಳುವುದಿಲ್ಲ. ಹೊಲದಲ್ಲಿ ಆದ ಜಗಳ ರಸ್ತೆಗೆ ಬರುತ್ತದೆ, ರಸ್ತೆಯದು ಪಕ್ಕದ ಊರ ಅರಳಿಕಟ್ಟೆಗೆ ಹೋಗುತ್ತದೆ. ಅಂದು ಸಂಜೆ ನನ್ನ ಹಳೆಯ ಡೈರಿ ತೆಗೆದು ಲೆಕ್ಕ ಹಾಕಿದೆ. ಆ ಹದಿನಾಲ್ಕು ತಿಂಗಳಲ್ಲಿ ನಾನೇ ಟೈಪ್ ಮಾಡಿದ ದೂರುಗಳಲ್ಲಿ ಜಾಗ ಸರಿಸಿದ್ದು ಏಳು. ಬೈರಮಂಗಲದ ಕಡೆಯ ಒಂದು ಹೊಡೆದಾಟವನ್ನು ಕಾಲುವೆ ದಾಟಿಸಿ ಎರಡು ಕಿಲೋಮೀಟರ್ ಆಚೆ ಕೂರಿಸಿದ್ದೆ. ಅರ್ಜಿ ಬರಹಗಾರರು ಒಂದು ಸಮುದ್ರ ದಾಟಿಸಿದ್ದರು, ಅಷ್ಟೇ.

ಸೀನಿಯರ್ ಸಂಜೆ ಆರಕ್ಕೆ ಬಂದು, ಅಲ್ಲೇ ಕಾದು ಕೂತಿದ್ದ ಗಂಡ ಹೆಂಡತಿಯಿಂದ ಎಲ್ಲ ಕೇಳಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕುತ್ತ ಕೇಳಿದರು: "ಮೇಸ್ತ್ರಿ ಪಾಸ್‌ಪೋರ್ಟ್ ಯಾವ ದೇಶದ್ದಮ್ಮ?"

"ನಮ್ಮದೇ ಸಾರ್."

"ನಮ್ ಪಾಸ್‌ಪೋರ್ಟ್ ಜೇಬಲ್ಲಿ ಇಟ್ಕೊಂಡು ಹೋದೋನು ನಮ್ ಕಾನೂನನ್ನೂ ಜೇಬಲ್ಲೇ ಇಟ್ಕೊಂಡು ಹೋಗಿರ್ತಾನೆ. ನೂರಾ ಎಂಬತ್ತೆಂಟು ತೆಗಿ. ಜೋರಾಗಿ ಓದು, ಅವರಿಗೂ ಕೇಳ್ಲಿ."

ದಂಡ ಪ್ರಕ್ರಿಯಾ ಸಂಹಿತೆಯ ಆ ಕಲಮನ್ನು ಪರೀಕ್ಷೆಗೆಂದು ಓದಿದ್ದೆ, ಯಾರದೋ ಕೈಗೆಂದು ಓದಿರಲಿಲ್ಲ. ಅದರ ಸಾರ ಸರಳ. ಭಾರತದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿ ಅಪರಾಧ ಮಾಡಿದರೂ, ಅವನು ಭಾರತದ ಯಾವ ಜಾಗದಲ್ಲಿ ಸಿಗುತ್ತಾನೋ ಆ ಜಾಗದಲ್ಲೇ ಅಪರಾಧ ನಡೆದಂತೆ ಎಣಿಸಿ ಕ್ರಮ ಜರುಗಿಸಬಹುದು. ಅಪರಾಧ ಮಾಡಿದವನು ವಿದೇಶೀಯನಾಗಿದ್ದರೆ ಈ ಕಲಮು ನಮ್ಮಲ್ಲಿ ನೋಂದಾಯಿಸಿದ ಹಡಗು, ವಿಮಾನದೊಳಗೆ ಆದದ್ದಕ್ಕೆ ಮಾತ್ರ. ಹಾಗಾಗಿ ಆ ಕಾರ್ಖಾನೆಯ ಅಲ್ಲಿನ ಮಾಲೀಕನನ್ನು ಇದರಡಿ ನಮ್ಮ ಕೋರ್ಟು ಕರೆಯಲಾಗದು. ಮೇಸ್ತ್ರಿಯನ್ನು ಕರೆಯಬಹುದು. ಇನ್ನೊಂದು ಷರತ್ತಿದೆ. ಕೇಂದ್ರ ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಇಂಥ ಅಪರಾಧದ ವಿಚಾರಣೆ ಇಲ್ಲಿ ನಡೆಯುವಂತಿಲ್ಲ. ದೂರು ತೆಗೆದುಕೊಳ್ಳಲು, ತನಿಖೆ ಮಾಡಲು ಆ ಅನುಮತಿಗೆ ಕಾಯಬೇಕಿಲ್ಲ ಎಂಬುದು ಸೀನಿಯರ್ ಅವರ ದೃಢವಾದ ವಾದ.

"ಅಂದ್ರೆ ನಿಜಾನೇ ಬರೀಬೋದಿತ್ತಾ?" ಎಂದರು ಹೆಂಡತಿ.

"ನಿಜ ಬರೆದಿದ್ರೇ ಕೇಸು. ಈಗ ಇರೋದನ್ನ ಹಂಗೇ ಬಿಟ್ರೆ ಅವನ ವಕೀಲ ನಿಮ್ಮ ಪಾಸ್‌ಪೋರ್ಟ್ ತೋರಿಸಿ ಒಂದೇ ನಿಮಿಷದಲ್ಲಿ ಮುಗಿಸ್ತಾನೆ. ಮೇಲೆ ಸುಳ್ಳು ದೂರು ಅಂತ ನಿಮ್ಮ ಮೇಲೇ ಬರತ್ತೆ."

ಮೊದಲ ದೂರನ್ನು ಹಿಂತೆಗೆದು, ಜಾಗ ತಪ್ಪಾಗಿ ಬರೆಸಿದ್ದೆ ಎಂದು ಒಪ್ಪಿ, ಹೊಸದು ಕೊಡಬೇಕು. ಗಂಡ ಹಿಂಜರಿದರು. ಜಾಗದ ವಿಷಯದಲ್ಲಿ ಸುಳ್ಳು ಹೇಳಿದೆ ಎಂದು ತಾನೇ ಬರೆದುಕೊಟ್ಟರೆ, ಕೈಯ ವಿಷಯದಲ್ಲೂ ಸುಳ್ಳೇ ಎಂದು ಬೀದಿ ಹೇಳುತ್ತದೆ. ಅವರ ಭಯ ಅದು, ಅದರಲ್ಲಿ ಹುರುಳಿತ್ತು.

"ಬೀದಿಯೋರು ಈಗೇನು ಹೂವಿನ ಹಾರ ಹಾಕ್ತಾವ್ರಾ?" ಎಂದರು ಹೆಂಡತಿ. "ಹೆಬ್ಬೆಟ್ಟಾದ್ರೂ ಒತ್ತು, ಸಹಿಯಾದ್ರೂ ಮಾಡು. ಎಡಗೈಯಲ್ಲೇ ಮಾಡು."

ಆಗಸ್ಟ್ 18, ಶುಕ್ರವಾರ, 11.30ಕ್ಕೆ ಹೊಸ ದೂರು ಕೊಟ್ಟೆವು. ಸಬ್ ಇನ್ಸ್‌ಪೆಕ್ಟರ್ ಎರಡು ಸಲ ಓದಿದರು.

"ಏನ್ ಮೇಡಂ, ಹೋದ್ವಾರ ಬಸ್‌ಸ್ಟ್ಯಾಂಡ್ ಹಿಂದೆ ಇತ್ತು, ಈ ವಾರ ಅರಬ್ ದೇಶದಲ್ಲೈತೆ. ಮುಂದಿನ್ವಾರ ಚಂದ್ರಲೋಕವಾ?"

ನಾನು 188ನೇ ಕಲಮಿರುವ ಪುಟಕ್ಕೆ ಕಾಗದ ಸಿಕ್ಕಿಸಿಟ್ಟು ಪುಸ್ತಕವನ್ನೇ ಒಯ್ದಿದ್ದೆ. ಅವರು ಓದಿದರು. ನಗು ನಿಲ್ಲಿಸಿ ಮತ್ತೆ ಓದಿದರು. "ಮೇಲಿನ್ ಸಾಹೇಬ್ರನ್ನ ಕೇಳ್ಬೇಕು. ಸೋಮವಾರ ಬನ್ನಿ" ಎಂದರು. ಸುಮ್ಮನೆ ಸಾಗಹಾಕುವ ದನಿಯಾಗಿರಲಿಲ್ಲ ಅದು.

ಆ ನಡುವಿನ ಶನಿವಾರ ನಾನು ಬೀದಿಯ ಕೈಗಳನ್ನು ನೋಡಲು ಹೋದೆ. ಲೇತ್‌ಗೆ ಸಿಕ್ಕ ಕೈ ಹೇಗಿರುತ್ತದೆ ಎಂದು ನನಗೆ ಗೊತ್ತಿರಬೇಕಲ್ಲ. ಇಪ್ಪತ್ತಮೂರು ಜನ ಕೈ ತೋರಿಸಿದರು. ಒಬ್ಬರು "ಭವಿಷ್ಯ ಹೇಳ್ತೀಯೇನಮ್ಮ?" ಎಂದು ಅಂಗೈ ಚಾಚಿದರು. ಗ್ರಾಫ್ ಹಾಳೆಯ ಮೇಲೆ ಕೈಯ ಚಿತ್ರ ಬರೆದು ಒಂದೊಂದು ಗಾಯಕ್ಕೆ ಒಂದೊಂದು ಚುಕ್ಕೆ ಇಟ್ಟೆ. ಹದಿನೇಳು ಜನರಿಗೆ ಗುರುತುಗಳಿದ್ದವು: ಹೆಬ್ಬೆರಳ ತುದಿ, ತೋರುಬೆರಳ ಒಳಮೈ, ಅಂಗೈಯ ಅಂಚು. ಬಿಸಿ ಅರಗು ಮೆತ್ತಿದ ಕಲೆಗಳು, ಉಳಿ ಜಾರಿ ಕೊಯ್ದ ಗೆರೆಗಳು. ಚರ್ಮ ಸೀಳದೆ, ಕೈಯ ಮೇಲ್ಗಡೆ, ನಾಲ್ಕೂ ಬೆರಳ ಬುಡ ಒಂದೇ ಗೆರೆಗೆ ಮುರಿದದ್ದು ಒಂದೂ ಇರಲಿಲ್ಲ. ಇದು ಕೋರ್ಟಿಗೆ ಸಾಕ್ಷ್ಯವಲ್ಲ, ಅದಕ್ಕೆ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಇತ್ತು. ಆದರೆ ಆ ಹಾಳೆ ನೋಡಿದ ಮುದುಕರೊಬ್ಬರು ತಮ್ಮ ಕೈಯನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿ, "ಇದು ಮಿಷಿನ್ ಕೆಲ್ಸ ಅಲ್ಲ" ಎಂದರು. ಬೀದಿಯಲ್ಲಿ ಹಾಗೆ ಬಾಯಿಬಿಟ್ಟು ಹೇಳಿದ ಮೊದಲನೆಯವರು ಅವರು.

ಹೊರಡುವಾಗ ಹೆಂಡತಿಗೆ ಒಂದು ಮಾತು ಹೇಳಿ ಬಂದಿದ್ದೆ: ಈ ವಿಷಯಕ್ಕೆ ಸಂಬಂಧಪಟ್ಟದ್ದು ಏನು ಕಿವಿಗೆ ಬಿದ್ದರೂ ಗಂಟೆ ಎಷ್ಟು, ಯಾರ್‍ಯಾರು ಇದ್ದರು ಅಂತ ಬರೆದಿಡಿ.

ಮಾರನೇ ದಿನ, ಆಗಸ್ಟ್ 20, ಭಾನುವಾರ, ಸಂಜೆ ಐದಕ್ಕೆ ಅವರು ನನ್ನ ಬಾಡಿಗೆ ರೂಮಿನ ಬಾಗಿಲು ತಟ್ಟಿದರು. ಕೈಯಲ್ಲಿ ಗೊಂಬೆ ಡಬ್ಬಿಯ ರಟ್ಟಿನ ಮುಚ್ಚಳ. ಅದರ ಮೇಲೆ ಪೆನ್ಸಿಲಿನಲ್ಲಿ: 4.20. ಏಳು ಜನ. ಕೆಳಗೆ ಏಳು ಹೆಸರು.

ಅವರು ಪಾಲಿಶ್ ಹಾಕುತ್ತ ಕೂರುವ ಜಗಲಿಯ ಎದುರಿಗೇ ಟೀ ಅಂಗಡಿ. ಮೇಸ್ತ್ರಿ ಅಲ್ಲಿಗೆ ಬಂದಿದ್ದಾನೆ. ದೂರಿನ ಸುದ್ದಿ ಅವನಿಗೂ ತಲುಪಿದೆ. ಯಾರೋ ರೇಗಿಸಿದ್ದಾರೆ: "ಏನ್ಲಾ, ನಿನ್ ಮೇಲೆ ಕೇಸಂತೆ?"

"ಯಾವ ಕೇಸ್ಲಾ? ಹೊಡ್ದೆ. ಟ್ರಂಕ್ ಬುಟ್ಟು ಏಳು ಅಂದೆ, ಏಳ್ಲಿಲ್ಲ, ಪೈಪ್ ತಗಂಡು ಹೊಡ್ದೆ. ಏನಿವಾಗ? ಅದು ಈ ಊರಲ್ಲಿ ಆಗೈತಾ? ಈ ದೇಶದಲ್ಲಾದ್ರೂ ಆಗೈತಾ? ಅಲ್ಲಿ ಪೊಲೀಸೇ ಕೇಳ್ಲಿಲ್ಲ, ಇಲ್ಲಿ ಯಾವನ್ ಕೇಳ್ತಾನೆ?"

"ಮಿಷಿನ್‌ಗೆ ಸಿಕ್ತು ಅಂದಿದ್ದೆಯಲ್ಲಪ್ಪ ನೀನು?" ಎಂದಿದ್ದಾರೆ ಇನ್ನೊಬ್ಬರು.

"ಅಲ್ಲಿ ಅಂಗೆ ಹೇಳ್ಬೇಕಿತ್ತು, ಹೇಳ್ದೆ. ಇಲ್ಲಿ ಯಾವ ಕೇಸು ನಿಲ್ತದೆ?"

ನಾನು ಮುಚ್ಚಳವನ್ನು ಎರಡು ಕೈಯಲ್ಲಿ ಹಿಡಿದು ನಿಂತೆ. ಅರ್ಜಿ ಬರಹಗಾರರು, ನಾನು, ಈ ದಂಪತಿ, ಮೇಸ್ತ್ರಿ, ಎಲ್ಲರೂ ನಂಬಿದ್ದು ಒಂದನ್ನೇ: ಸರಹದ್ದು ಮುಗಿದ ಕಡೆ ಕಾನೂನೂ ಮುಗಿಯುತ್ತದೆ. ಆ ನಂಬಿಕೆಯಿಂದ ಇವರು ಜಾಗ ಬದಲಿಸಿದರು. ಅದೇ ನಂಬಿಕೆಯಿಂದ ಅವನು ನಡುಬೀದಿಯಲ್ಲಿ ನಿಜ ಹೇಳಿದ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದರೆ ಅದು ಕೋರ್ಟಿನಲ್ಲಿ ನಡೆಯುತ್ತಿರಲಿಲ್ಲ. ನೆರೆಯವರ ಮುಂದೆ ತಾನಾಗಿ ಹೇಳಿದ್ದನ್ನು ಕೋರ್ಟು ಕೇಳಬಹುದು.

"ಇವತ್ತು ಮನೆಗೆ ಮೂರು ಜನ ಬಂದು ಅವರ ಕೈ ನೋಡ್ಕಂಡು ಹೋದ್ರಮ್ಮ" ಎಂದರು ಆಕೆ. ಅತ್ತದ್ದನ್ನು ನಾನು ಆಗ ಮಾತ್ರ ನೋಡಿದ್ದು.

ಏಳು ಜನರಲ್ಲಿ ಐವರು ಹೇಳಿಕೆ ಕೊಟ್ಟರು. ಒಬ್ಬರು ಮೇಸ್ತ್ರಿಯ ನೆಂಟರು, ಒಬ್ಬರು "ನಂಗೆ ಕಿವಿ ಮಂದ" ಎಂದರು. ಸೋಮವಾರ ಎಫ್‌ಐಆರ್ ಆಯಿತು. ಬುಧವಾರ ಮೇಸ್ತ್ರಿ ಅದೇ ಟೀ ಅಂಗಡಿಯಲ್ಲಿ ಸಿಕ್ಕ. ಕಾನೂನು ಹೇಳುವ 'ಸಿಕ್ಕ ಜಾಗ' ನಮ್ಮ ಪಾಲಿಗೆ ಅದು. ಜಾಮೀನು ಸಿಕ್ಕಿತು, ಪಾಸ್‌ಪೋರ್ಟನ್ನು ಕೋರ್ಟಿಗೆ ಒಪ್ಪಿಸಬೇಕೆಂಬ ಷರತ್ತಿನ ಮೇಲೆ. "ಈಗ ಅವನ್ದೂ ಟ್ರಂಕಿನಲ್ಲಿ ಕೂತ್ಕಂತು" ಎಂದರು ಹೆಂಡತಿ. ಸೀನಿಯರ್ ಆ ಮಾತಿಗೆ ಎರಡು ದಿನ ನಕ್ಕರು.

ಆಮೇಲಿನದು ಕಾಯುವಿಕೆ. ಅನುಮತಿ ಕೇಳಿದ ಕಡತ 2006ರ ನವೆಂಬರ್ 20ರಂದು ಇಲ್ಲಿಂದ ಹೊರಟಿತು. ನಾನು ಹನ್ನೊಂದು ಜ್ಞಾಪನಾ ಪತ್ರ ಬರೆದೆ. ಮೊದಲ ಆರರಲ್ಲಿ ನಮ್ಮ ವಿಳಾಸ ಬೆಂಗಳೂರು ಗ್ರಾಮಾಂತರ ಜಿಲ್ಲೆ. ಅಷ್ಟರಲ್ಲಿ ರಾಮನಗರವೇ ಜಿಲ್ಲೆಯಾಯಿತು. ಕೊನೆಯ ಐದರಲ್ಲಿ ರಾಮನಗರ ಜಿಲ್ಲೆ. ಎರಡೂ ಒಂದೇ ಪ್ರಕರಣವೇ ಎಂದು ವಿಚಾರಿಸಿ ಒಂದು ಪತ್ರ ವಾಪಸು ಬಂತು. ನಾವು ಕೂತ ಕುರ್ಚಿ ಅಲ್ಲಾಡಿಲ್ಲ, ಜಿಲ್ಲೆಯ ಗಡಿ ಮಾತ್ರ ಸರಿದಿದೆ ಎಂದು ಉತ್ತರ ಬರೆದೆ. ಸೀನಿಯರ್ ಮೊದಲ ಅರ್ಧ ಹೊಡೆದುಹಾಕಿದರು. ಅನುಮತಿ ನಮ್ಮ ಕೋರ್ಟಿಗೆ ತಲುಪಿದ್ದು 2008ರ ಫೆಬ್ರವರಿ 11ರಂದು. 448 ದಿನ.

ಏಪ್ರಿಲ್ 21, ಸೋಮವಾರ, 12.10ಕ್ಕೆ ದೋಷಾರೋಪ ಓದಿದರು. ಮ್ಯಾಜಿಸ್ಟ್ರೇಟರು ಕನ್ನಡದಲ್ಲಿ, ನಿಧಾನವಾಗಿ, ಆರೋಪಿಗೆ ಓದಿ ಹೇಳಿದರು: ನೀನು ಇಂಥ ದೇಶದ ಇಂಥ ಊರಿನಲ್ಲಿ, ಇಂಥ ದಿನ, ಕಬ್ಬಿಣದ ಪೈಪಿನಿಂದ ಹೊಡೆದು ಈ ವ್ಯಕ್ತಿಯ ಬಲಗೈಯ ಮೂಳೆಗಳನ್ನು ಮುರಿದೆ ಎಂಬುದು ನಿನ್ನ ಮೇಲಿನ ಆರೋಪ. ಒಪ್ಪುವುದಿಲ್ಲ ಎಂದ ಮೇಸ್ತ್ರಿ. ಒಪ್ಪದಿರುವುದು ಅವನ ಹಕ್ಕು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಕಕ್ಷಿದಾರರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಮೇಡಂ, ಅದರದ್ದೊಂದು ಕಾಪಿ ಸಿಗ್ತದಾ? ಆರೋಪ ಅಷ್ಟೇ, ತೀರ್ಪಲ್ಲ ಅಂತ ನಂಗೊತ್ತು. ಆದ್ರೂ ಬೇಕು."

ಪ್ರತಿ ತೆಗೆಸಿಕೊಟ್ಟೆ. ಜೂನಿನಲ್ಲಿ ಆ ತರಬೇತಿಯ ಕಾರ್ಖಾನೆಯವರೇ ಅವರನ್ನು ಕರೆದರು. ಈಗ ಅವರು ಎಡಗೈಯಲ್ಲೇ ಉಳಿ ಹಿಡಿದು, ಒಂಬತ್ತು ಹೆಂಗಸರಿಗೆ ಲೇತ್ ಮುಂದೆ ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂದು ಹೇಳಿಕೊಡುತ್ತಾರೆ. ನನ್ನ ಗ್ರಾಫ್ ಹಾಳೆಯನ್ನು ಪಾಠಕ್ಕೆಂದು ಅವರೇ ಇಸಕೊಂಡು ಹೋದರು.

ಇದನ್ನು ಬರೆಯುತ್ತಿರುವ 2009ರ ಜನವರಿಯಲ್ಲಿ ವಿಚಾರಣೆ ನಡೆಯುತ್ತಿದೆ. ಟೀ ಅಂಗಡಿಯ ಮಾತು ತಮಾಷೆಗೆ ಆಡಿದ್ದು ಎನ್ನುತ್ತದೆ ಪ್ರತಿವಾದ. ಆಸ್ಪತ್ರೆ ಚೀಟಿ ಇನ್ನೂ ಯಂತ್ರವನ್ನೇ ದೂರುತ್ತಿದೆ. ಐವರ ಸಾಕ್ಷಿ ಗಟ್ಟಿಯಾಗಿದೆ, ನನಗೆ ನಂಬಿಕೆಯಿದೆ. ಆದರೆ ಕಣ್ಣಾರೆ ಕಂಡವರು ಇನ್ನೊಬ್ಬರಿದ್ದಾರೆ. ಮೇಸ್ತ್ರಿಯ ಟ್ರಂಕಿದ್ದ, ಕೆಲಸಗಾರರು ಮಲಗುವ ಕೋಣೆಯಲ್ಲಿ ಮೂರನೇ ಮಂಚ ಅವರದು. ಪೈಪ್ ಬಿದ್ದ ಮೇಲೆ ಕೈಗೆ ಒದ್ದೆ ಬಟ್ಟೆ ಸುತ್ತಿ, ತಮ್ಮ ಹೆಗಲು ಕೊಟ್ಟು ಕೆಳಗಿಳಿಸಿದವರು ಅವರೇ. ಅಲ್ಲಿನ ಕೋಣೆಗಳಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲವಂತೆ, ಊರು ಹಿಡಿದು ಕರೆಯುತ್ತಾರೆ. ಇವರು ಅವರಿಗೆ "ಚನ್ನಪಟ್ಣ", ಅವರು ಇವರಿಗೆ "ಕನಕಪುರ". ಒಂಬತ್ತು ತಿಂಗಳು ಒಟ್ಟಿಗೆ ಉಂಡವರ ನಿಜವಾದ ಹೆಸರು ನಮ್ಮ ಕಕ್ಷಿದಾರರಿಗೆ ಗೊತ್ತಿಲ್ಲ. ಮರಗೆಲಸದವರು, ಉಯ್ಯಂಬಳ್ಳಿ ಕಡೆಯ ಬಸ್ಸು ಹತ್ತಿ ಊರಿಗೆ ಹೋಗುವವರು ಎಂದಷ್ಟೇ ನೆನಪು. ನಾನು ಎರಡು ಭಾನುವಾರ ಅಲ್ಲಿಗೆ ಹೋಗಿ ಹದಿನಾಲ್ಕು ಮನೆಗಳಲ್ಲಿ ವಿಚಾರಿಸಿದೆ. ಕೊಲ್ಲಿಗೆ ಹೋದವರು ಮೂವರು ಸಿಕ್ಕರು, ಅವರಲ್ಲಿ ಯಾರೂ ನಾವು ಹುಡುಕುತ್ತಿರುವವರಲ್ಲ.

ಓದುಗರಲ್ಲಿ ಯಾರಿಗಾದರೂ ಅವರ ಗುರುತಿದ್ದರೆ, ಅಥವಾ 2006ರ ಮಾರ್ಚಿನಲ್ಲಿ ಕೊಲ್ಲಿಯ ಒಂದು ಮರದ ಕಾರ್ಖಾನೆಯಲ್ಲಿ ಲೇತ್ ಕೆಲಸದವರೊಬ್ಬರ ಕೈ ಮುರಿದದ್ದನ್ನು ಯಾರಾದರೂ ಹೇಳಿದ್ದು ಕೇಳಿದ್ದರೆ, ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ಬರೆಯಿರಿ. ತಾರೀಖು ನೆನಪಿಲ್ಲದಿದ್ದರೂ ಅಡ್ಡಿಯಿಲ್ಲ, ತಾರೀಖುಗಳು ನನ್ನ ಬಳಿ ಇವೆ. ಕನಕಪುರದವರೇ, ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ಅಲ್ಲಿ ಕಂಡದ್ದನ್ನು ಇಲ್ಲಿ ಹೇಳಿ ಏನು ಪ್ರಯೋಜನ ಎಂದುಕೊಳ್ಳಬೇಡಿ. ಇಲ್ಲಿ ಹೇಳಬಹುದು, ಇಲ್ಲಿ ಕೇಳುತ್ತಾರೆ. ಜಾಗ ಬದಲಿಸದೆ, ಕಂಡದ್ದನ್ನು ಕಂಡ ಹಾಗೇ ಬರೆಯಿರಿ.